ಒಡೆದ ಕುಂಬಳಕಾಯಿ ಎತ್ತುತ್ತಿದ್ದ ಶಿವರಾಮಯ್ಯ

ವರ್ಷವಿಡೀ ಬಟವಾಡಿಯ ಬೀದಿಗಳಲ್ಲಿ ಶಿವರಾಮಯ್ಯನ ಹತ್ತಿರ ಯಾರೂ ಅಷ್ಟಾಗಿ ಸುಳಿಯುತ್ತಿರಲಿಲ್ಲ. ಆಯುಧಪೂಜೆ ಹತ್ತಿರ ಬಂತೆಂದರಂತೂ ಎಲ್ಲರೂ ದೂರದಿಂದಲೇ ಗುರುತು ಹಿಡಿದು ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದರು.

ಮನುಷ್ಯ ಕೆಟ್ಟವನೇನಲ್ಲ. ಹಿರೇಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಶಾಫ್ಟು ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಿದ್ದ. ಬೆಳಿಗ್ಗೆ ಸೈಕಲ್ಲಿನಲ್ಲಿ ಹೈವೇ ಹಿಡಿದು ಹೋಗುವುದು, ಸಂಜೆ ಅದೇ ಸೈಕಲ್ಲಿನಲ್ಲಿ ಬರುವುದು. ಮಾತು ಕಡಿಮೆ. ಹೆಂಡತಿ ಪುಟ್ಟತಾಯಮ್ಮ ಕುಣಿಗಲ್ ಕಡೆಯವಳು. ಗಂಡ ಆಡದೆ ಉಳಿಸಿದ ಮಾತನ್ನೆಲ್ಲ ಅವಳೇ ಆಡಿ ಮುಗಿಸುತ್ತಿದ್ದಳು. ಒಬ್ಬಳೇ ಮಗಳು, ಶಾಂತಲಾ. ಇಂಥ ಸಂಸಾರವನ್ನು ಕಂಡು ಜನ ರಸ್ತೆ ದಾಟುವುದಕ್ಕೆ ಕಾರಣವೇ ಇರಲಿಲ್ಲ. ಕಾರಣವಾದದ್ದು ಬೂದುಗುಂಬಳಕಾಯಿ.

ಆಯುಧಪೂಜೆಯ ದಿನ ಹಿರೇಹಳ್ಳಿಯಲ್ಲಿ ಕುಂಬಳಕಾಯಿ ಒಡೆಯದ ಫ್ಯಾಕ್ಟರಿ ಇಲ್ಲ. ಕಾಯಿಯ ನೆತ್ತಿ ಕೊರೆದು ಕುಂಕುಮ ತುಂಬಿ, ಚಿಲ್ಲರೆ ಕಾಸು ಹಾಕಿ, ಕರ್ಪೂರ ಹಚ್ಚಿ, ಮೆಷಿನ್ನಿಗೂ ಮಾಲೀಕರಿಗೂ ನಿವಾಳಿಸಿ, ಗೇಟಿನಾಚೆ ತಂದು ರಸ್ತೆಯ ಮೇಲೆ ಅಪ್ಪಳಿಸುತ್ತಾರೆ. ರಸ್ತೆಯ ಅಂಚಿಗೆ ಒಡೆದರೆ ದೃಷ್ಟಿ ಅಂಚಿನಲ್ಲೇ ಕೂತು ಗೇಟಿನ ಕಡೆ ನೋಡುತ್ತಿರುತ್ತದಂತೆ. ಹಾಗಾಗಿ ನಟ್ಟನಡುವೆಯೇ ಒಡೆಯಬೇಕು. ಸಾಹುಕಾರ ದೊಡ್ಡವನಾದಷ್ಟೂ ಕಾಯಿ ದೊಡ್ಡದು. ಆಮೇಲೆ ಎಲ್ಲರೂ ಒಳಗೆ ಹೋಗಿ ಪುರಿ, ಬೂಂದಿ ತಿನ್ನುತ್ತಾರೆ. ಸಂಜೆಗೆ ನೂರಾರು ಜನ ಕೆಲಸಗಾರರು ಹ್ಯಾಂಡಲ್ಲಿಗೆ ಪುರಿ ಪೊಟ್ಟಣ ನೇತುಹಾಕಿಕೊಂಡು, ಒಟ್ಟಿಗೇ ಸೈಕಲ್ ಹತ್ತಿ, ಆ ತಿರುಳಿನ ಮೇಲೆಯೇ ಮನೆಗೆ ಹೋಗಬೇಕು. ಲೋಳೆಯಂಥ ಆ ತಿರುಳಿನ ಮೇಲೆ ಸೈಕಲ್ ಚಕ್ರ ಹೋದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಪ್ರತಿ ವರ್ಷ ಯಾರಾದರೂ ಬೀಳುತ್ತಿದ್ದರು. ಬಿದ್ದವರನ್ನು ಕಂಡು ಜನ, ಅವನಿಗೆ ಯಾರದೋ ದೃಷ್ಟಿ ಆಗಿರಬೇಕು ಎನ್ನುತ್ತಿದ್ದರು.

ತೊಂಬತ್ತಮೂರರ ಆಯುಧಪೂಜೆಗೆ ಪುಟ್ಟತಾಯಮ್ಮ ಗಂಡನ ಜೊತೆ ವರ್ಕ್‌ಶಾಪಿಗೆ ಹೋಗಿದ್ದಳು. ಬರುವಾಗ ಕ್ಯಾರಿಯರ್ ಮೇಲೆ ಕೂತಿದ್ದಳು. ಎರಡನೇ ಗೇಟಿನ ಮುಂದೆಯೇ ಸೈಕಲ್ ಜಾರಿತು. ಶಿವರಾಮಯ್ಯನ ಮಂಡಿ ತರಚಿತು, ಪುಟ್ಟತಾಯಮ್ಮನ ಮಣಿಕಟ್ಟು ಮುರಿಯಿತು. ಅವಳು ಮೊದಲು ಕೇಳಿದ್ದು ಬೂಂದಿ ಪೊಟ್ಟಣ ಎಲ್ಲಿ ಎಂದು. ಅವಳನ್ನು ಮೋರಿಯ ಕಟ್ಟೆಯ ಮೇಲೆ ಕೂರಿಸಿ ತಿರುಗಿ ನೋಡಿದರೆ, ಹಿಂದಿನಿಂದ ಇನ್ನೊಂದು ಹಿಂಡು ಸೈಕಲ್ ಬರುತ್ತಿತ್ತು. ಶಿವರಾಮಯ್ಯ ಓಡಿಹೋಗಿ ಹೋಳುಗಳನ್ನು ಕೈಯಲ್ಲೇ ಬಾಚತೊಡಗಿದ. ಕಾಸು ಹುಡುಕುತ್ತಿದ್ದಾನೆ ಎಂದುಕೊಂಡು ಯಾರೂ ಏನೂ ಅನ್ನಲಿಲ್ಲ. ಅವನು ಕಾಸು ಬಿಟ್ಟು ಕಾಯಿಯನ್ನೇ ಎತ್ತುತ್ತಿರುವುದು ಕಂಡಾಗ ಎಲ್ಲರ ಮುಖ ಬಿಳಿಚಿಕೊಂಡಿತು. ಒಡೆದ ಕುಂಬಳಕಾಯಿ ಮುಟ್ಟಿದವನಿಗೆ ಅದರಲ್ಲಿರುವ ದೃಷ್ಟಿಯೆಲ್ಲ ಅಂಟುತ್ತದೆ ಎನ್ನುವುದು ಹಿರೇಹಳ್ಳಿಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿತ್ತು.

ಮಾರನೇ ವರ್ಷ ಅವನು ಗೋಣಿಚೀಲ, ಕಡ್ಡಿಪೊರಕೆ, ಒಂದು ಡಬ್ಬ ಮರಳು ತಂದ. ಪೂಜೆ ಮುಗಿದ ಕೂಡಲೇ ಗೇಟಿನಿಂದ ಗೇಟಿಗೆ ಹೋಗಿ ಹೋಳು ಬಾಚಿ ಚೀಲಕ್ಕೆ ತುಂಬಿ, ಒದ್ದೆಯ ಮೇಲೆ ಮರಳು ಎರಚಿದ. ಆ ಸಂಜೆ ಯಾರೂ ಬೀಳಲಿಲ್ಲ. ಯಾರೂ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಅವನ ನೆರಳು ಸೋಕದ ಹಾಗೆ ದೂರದಿಂದಲೇ ಬೆಲ್ ಹೊಡೆದುಕೊಂಡು ಹೋದರು.

ಆಮೇಲೆ ದೂರು ಶುರುವಾಯಿತು. ಯಾವುದೋ ಫ್ಯಾಕ್ಟರಿಯ ಬಾಯ್ಲರ್ ಕೆಟ್ಟರೆ ಶಿವರಾಮಯ್ಯ. ಇನ್ನೆಲ್ಲೋ ಸ್ಟ್ರೈಕ್ ಆದರೆ ಶಿವರಾಮಯ್ಯ. ಅವನ ಮಾಲೀಕರು ಕರೆಸಿ, ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅನ್ನೋ ಹಾಗೆ, ಹೊರಗೆ ಹಾಕಿದ ದೃಷ್ಟಿಯನ್ನೆಲ್ಲ ಮೈಗೆ ಹಚ್ಚಿಕೊಂಡು ನಾಳೆ ಬೆಳಿಗ್ಗೆ ಒಳಗೇ ಬರ್ತೀಯಲ್ಲಪ್ಪಾ ಎಂದರು. ಕೆಲಸದಿಂದ ತೆಗೆಯಲಿಲ್ಲ, ಅವನಷ್ಟು ನಯವಾಗಿ ಶಾಫ್ಟು ಕಡೆಯುವವರು ಇರಲಿಲ್ಲ. ಅವನು ಮುಟ್ಟಿದ ಲೇತನ್ನು ಮಾತ್ರ ಬೇರೆ ಯಾರೂ ಮುಟ್ಟುತ್ತಿರಲಿಲ್ಲವಾದ್ದರಿಂದ ವರ್ಕ್‌ಶಾಪಿನ ಒಳ್ಳೆಯ ಮೆಷಿನ್ ಅವನೊಬ್ಬನ ಪಾಲಿಗೇ ಉಳಿಯಿತು. ಸಿಟಿ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಸದಾ ಖಾಲಿ. ಬೀದಿಯ ಬಾಣಂತಿಯರು ಅವನು ಬಂದರೆ ಕೂಸಿನ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ಇದರಿಂದ ಮಾತ್ರ ಅವನಿಗೆ ನೋವಾಗುತ್ತಿತ್ತು, ಮಕ್ಕಳೆಂದರೆ ಅವನಿಗೆ ಇಷ್ಟ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಎಂದು ಯಾರಾದರೂ ಟೀ ಅಂಗಡಿಯಲ್ಲಿ ಬೇರೆ ಮಾತಿಗೆ ಗಾದೆ ಹೇಳಿದರೂ ಎಲ್ಲರೂ ಇವನ ಹೆಗಲನ್ನೇ ನೋಡುತ್ತಿದ್ದರು.

ಕಾಯಿಯನ್ನು ರಸ್ತೆಯ ಬದಿಗೆ ಒಡೆಯಿರಿ ಎಂದು ಅವನು ಮಾಲೀಕರನ್ನೆಲ್ಲ ಕೇಳಿ ನೋಡಿದ್ದ. ಜನ ಬೀಳುತ್ತಾರೆ ಸಾರ್ ಎಂದಿದ್ದ. ಅವರು ಕೂರಿಸಿ, ಕಾಫಿ ಕೊಟ್ಟು, ಹೌದು ಹೌದು ಎಂದು, ಆ ವರ್ಷವೂ ನಡುವೆಯೇ ಒಡೆದರು. ಪುಟ್ಟತಾಯಮ್ಮ ಊರ ಉಸಾಬರಿ ನಿಮಗ್ಯಾಕೆ ಬುಡಿ ಎಂದು ಅತ್ತೂ ಕರೆದೂ ಹೇಳಿದಳು. ಅವಳಿಗೆ ಅವನು ಕೊಟ್ಟ ಉತ್ತರ ಒಂದೇ: "ದೃಷ್ಟಿ ಅಂಟುತ್ತೋ ಇಲ್ವೋ ನಂಗೊತ್ತಿಲ್ಲ ಕಣೇ. ಬಿದ್ದೋರ ಮೂಳೆ ಮುರಿಯೋದು ಗೊತ್ತು."

ಹೀಗೆ ಆರೇಳು ಹಬ್ಬ ಕಳೆದವು. ಶಾಂತಲಾ ದೊಡ್ಡವಳಾಗಿ, ಹಿರೇಹಳ್ಳಿಯಲ್ಲೇ ಒಂದು ಯೂನಿಟ್ಟಿನ ಪ್ಯಾಕಿಂಗ್ ವಿಭಾಗಕ್ಕೆ ಸೇರಿದಳು. ಅವಳೂ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದಳು. ಎರಡು ಸಾವಿರದ ಇಸವಿಯ ಶ್ರಾವಣದಲ್ಲಿ ಪುಟ್ಟತಾಯಮ್ಮನ ಅಣ್ಣ ರಂಗರಾಜು ಕುಣಿಗಲ್ಲಿನಿಂದ ಒಂದು ಸಂಬಂಧ ತಂದ. ಹುಡುಗ ಅಂಜನ್, ಗುಬ್ಬಿಯವನು, ಅಲ್ಲಿನ ಬಸ್ ಸ್ಟ್ಯಾಂಡ್ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ. ತಾಯಿ ಚಿಕ್ಕಗಂಗಮ್ಮನ ಜೊತೆ ಹೆಣ್ಣು ನೋಡಲು ಬಂದ. ಶಾಂತಲಾಳ ಕೆಲಸದ ಬಗ್ಗೆ ಕೇಳಿದ, ತನ್ನ ಅಂಗಡಿಯಲ್ಲಿ ಒಮ್ಮೆ ಶಾಕ್ ಹೊಡೆದು ಹಿಂದಕ್ಕೆ ಬಿದ್ದದ್ದನ್ನು ತಾನೇ ನಗುತ್ತ ಹೇಳಿಕೊಂಡ. ಅವಳೂ ನಕ್ಕಳು. ಅವರು ಹೋದ ಮೇಲೆ ಅವನು ಕುಡಿದ ಕಾಫಿ ಲೋಟವನ್ನು ತಾಯಿಗೆ ಬಿಡದೆ ತಾನೇ ತೊಳೆದಳು. ಪುಟ್ಟತಾಯಮ್ಮನಿಗೆ ಅಷ್ಟು ಸಾಕಾಯಿತು, ಅವತ್ತೇ ದೇವರಿಗೆ ಹರಕೆ ಹೊತ್ತಳು.

ಆದರೆ ಬಟವಾಡಿಯ ಮಾತು ಗುಬ್ಬಿಗೆ ತಲುಪಲು ಎಷ್ಟು ಹೊತ್ತು? ಚಿಕ್ಕಗಂಗಮ್ಮ ರಂಗರಾಜುವಿನ ಕೈಯಲ್ಲಿ ಹೇಳಿಕಳಿಸಿದಳು: ಹುಡುಗಿ ನಮಗೆ ಒಪ್ಪಿಗೆ. ಆದರೆ ಬೀಗರು ಇಡೀ ಹಿರೇಹಳ್ಳಿಯ ದೃಷ್ಟಿ ಹೊತ್ತಿದ್ದಾರೆ ಅಂತಾರೆ. ನಾಳೆ ಅದು ನಮ್ಮ ಮನೆ ಹೊಸ್ತಿಲು ದಾಟಿದರೆ? ಬಲ್ಲವರನ್ನು ಕೇಳಿ, ಹಬ್ಬ ಕಳೆದ ಮೇಲೆ ಹೇಳುತ್ತೇವೆ. ಅವಳು ಕೆಟ್ಟ ಹೆಂಗಸಲ್ಲ. ಇದ್ದೊಬ್ಬ ಮಗನ ತಾಯಿ ಕೇಳುವುದನ್ನೇ ಕೇಳಿದ್ದಳು.

ಬಲ್ಲವರು ಎಂದರೆ ಸುಬ್ಬಕೃಷ್ಣ ಶಾಸ್ತ್ರಿಗಳು. ಹಿರೇಹಳ್ಳಿಯ ಮುಕ್ಕಾಲು ಪಾಲು ಫ್ಯಾಕ್ಟರಿಗಳಿಗೆ ಅವರದೇ ಪೌರೋಹಿತ್ಯ. ಆಯುಧಪೂಜೆಯ ದಿನ ಪಂಚೆಯನ್ನು ಮೇಲಕ್ಕೆ ಕಟ್ಟಿ, ಮೊಪೆಡ್ ಏರಿ, ಒಂದು ಗೇಟಿನಲ್ಲಿ ಮಂಗಳಾರತಿ ಮುಗಿಸಿ ಇನ್ನೊಂದು ಗೇಟಿನಲ್ಲಿ ಸಂಕಲ್ಪ ಶುರುಮಾಡುವಷ್ಟು ಬಿಡುವಿಲ್ಲದವರು. ಒಡೆದ ಕಾಯಿ ಮುಟ್ಟಬಾರದು ಎಂದು ವರ್ಷವೂ ಹೇಳುತ್ತಿದ್ದವರು ಅವರೇ.

ಆ ವರ್ಷದ ಹಬ್ಬದಲ್ಲಿ ಶಾಸ್ತ್ರಿಗಳು ಅವಸರದಲ್ಲಿ ಹಿಂದಿರುಗುವಾಗ, ಸ್ವಲ್ಪ ಹೊತ್ತಿನ ಮುಂಚೆ ತಾವೇ ನಿಂತು ಒಡೆಸಿದ ಕಾಯಿಯ ಮೇಲೆ ಮೊಪೆಡ್ ಬಿಟ್ಟರು. ಶಿವರಾಮಯ್ಯ ಇನ್ನೂ ರಸ್ತೆಯ ಆ ತುದಿಯಲ್ಲಿದ್ದ. ಅವನು ಪೊರಕೆ ಬಿಸಾಕಿ ಓಡಿಬಂದಾಗ ಶಾಸ್ತ್ರಿಗಳು ಮೊಪೆಡ್ಡಿನ ಕೆಳಗೆ ಕಾಲು ಸಿಕ್ಕಿಸಿಕೊಂಡು, ತಟ್ಟೆಯ ಅಕ್ಷತೆಯನ್ನೆಲ್ಲ ತಮ್ಮ ತಲೆಯ ಮೇಲೆಯೇ ಸುರಿದುಕೊಂಡು ಮಲಗಿದ್ದರು. ಸುತ್ತ ನಿಂತವರು ಕಾಯಿ ತುಳಿಯಲು ಹೆದರಿ ದೂರದಿಂದಲೇ ಅಯ್ಯೋ ಅನ್ನುತ್ತಿದ್ದರು. ಶಿವರಾಮಯ್ಯ ಕೈ ನೀಡುವ ಮುಂಚೆ ಒಂದು ಗಳಿಗೆ ತಡೆದ, ಅವನ ಕೈಗೆ ತಿರುಳು ಮೆತ್ತಿತ್ತು. ಶಾಸ್ತ್ರಿಗಳೇ ಅವನ ಹೆಗಲು ಹಿಡಿದುಕೊಂಡರು. ಶಿವರಾಮಯ್ಯ ಬಾಳೆಕಂದು, ಮಾವಿನ ಸೊಪ್ಪು ಕಟ್ಟಿದ್ದ ಒಂದು ಲಗೇಜ್ ಆಟೋ ನಿಲ್ಲಿಸಿ, ಅದರಲ್ಲಿ ಮಲಗಿಸಿ, ಬಟವಾಡಿಯ ಕ್ಲಿನಿಕ್ಕಿಗೆ ಕರೆತಂದ. ದಾರಿಯಲ್ಲಿ ಜನ ಅದನ್ನು ಯಾವುದೋ ಮೆರವಣಿಗೆ ಎಂದುಕೊಂಡು ಕೈಮುಗಿದರು.

ಹಬ್ಬ ಕಳೆದ ಮೇಲೆ ಶಾಸ್ತ್ರಿಗಳಿಂದ ಕರೆ ಬಂತು. ಶಿವರಾಮಯ್ಯ ಅವರ ಮನೆಗೆ ಹೋದಾಗ ಅವರು ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದರು. ಗುಬ್ಬಿಯ ಚಿಕ್ಕಗಂಗಮ್ಮ ಬಂದು ಕೇಳಿಹೋದಳು, ಯೋಚಿಸಿ ಹೇಳ್ತೀನಿ ಅಂತ ಕಳಿಸಿದ್ದೀನಿ ಎಂದರು.

"ನೋಡಿ ಶಿವರಾಮಯ್ಯ, ನಾನು ಎರಡರಲ್ಲಿ ಒಂದು ಮಾತು ಹೇಳಬಹುದು. ಒಡೆದ ಮೇಲೆ ಕಾಯಲ್ಲಿ ಏನೂ ಉಳಿಯಲ್ಲ, ಮುಟ್ಟಿದವರಿಗೆ ಏನೂ ಅಂಟಲ್ಲ ಅಂತ ಹೇಳಿದ್ರೆ ಗುಬ್ಬಿಯವರು ನಾಳೆಯೇ ತಾಂಬೂಲ ತರ್ತಾರೆ."

ಇನ್ನೊಂದು ಮಾತು ಯಾವುದು ಎಂದು ಶಿವರಾಮಯ್ಯ ಕೇಳಿದ.

"ಒಡೆಸಿದ ಸಾಹುಕಾರರೇ ದೀಪ ಹಚ್ಚೋದ್ರೊಳಗೆ ಬರಿಗೈಯಲ್ಲಿ ಹೋಳೆಲ್ಲ ಬಾಚಿ ಮರದ ಬುಡಕ್ಕೆ ಹಾಕಬೇಕು, ಇಲ್ಲದಿದ್ರೆ ಹೋದ ದೃಷ್ಟಿ ಮನೆಗೇ ವಾಪಸ್ ಬರುತ್ತೆ ಅಂತ ಹೇಳ್ತೀನಿ. ಮುಂದಿನ ವರ್ಷದಿಂದ ಆ ರಸ್ತೇಲಿ ಒಂದು ಬೀಜಾನೂ ಬಿದ್ದಿರಲ್ಲ."

"ಎರಡೂ ಹೇಳಿಬಿಡಿ ಸ್ವಾಮಿ."

ಅದಾಗದು ಎಂದು ಶಾಸ್ತ್ರಿಗಳು ತಲೆಯಾಡಿಸಿದರು. ಏನೂ ಅಂಟುವುದೇ ಇಲ್ಲ ಎಂದಮೇಲೆ ಸಾಹುಕಾರರು ಯಾಕೆ ಬಗ್ಗುತ್ತಾರೆ? ಅಂಟುತ್ತದೆ ಎಂದಮೇಲೆ ಇಷ್ಟು ವರ್ಷ ಊರವರದನ್ನೆಲ್ಲ ಬಾಚಿದವನ ಮೈಮೇಲೆ ಎಷ್ಟಿರಬೇಕು ಎಂದು ಗುಬ್ಬಿಯವರು ಲೆಕ್ಕ ಹಾಕುವುದಿಲ್ಲವೇ? ಜನ ಬೀಳುತ್ತಾರೆ ಎಂದು ಹೇಳಿ ಪ್ರಯೋಜನವಿಲ್ಲವೆಂದು ನಿಮಗೇ ಗೊತ್ತು ಎಂದರು. ಶಾಸ್ತ್ರದಲ್ಲಿ ನಿಜವಾಗಿ ಏನಿದೆ ಎಂದು ಶಿವರಾಮಯ್ಯ ಕೇಳಿದ. ಕಾಯಿ ಒಡೆಯುವುದು ಇದೆ, ಆಮೇಲಿನ ಟ್ರಾಫಿಕ್ಕಿನ ಬಗ್ಗೆ ಏನೂ ಬರೆದಿಲ್ಲ ಎಂದು ಶಾಸ್ತ್ರಿಗಳು ಹೇಳಿದರು. ಈ ಕಾಲಿನ ಮೇಲೆ ನಿಮ್ಮ ಋಣ ಇದೆ, ನೀವು ಯಾವುದು ಹೇಳು ಅಂತೀರೋ ಅದನ್ನೇ ಹೇಳ್ತೀನಿ ಎಂದೂ ಸೇರಿಸಿದರು.

ಅತ್ತ ದರಿ, ಇತ್ತ ಪುಲಿ. ಆದರೂ ಶಿವರಾಮಯ್ಯ ಮನೆ ಸೇರುವುದರೊಳಗೆ ತೀರ್ಮಾನ ಮಾಡಿದ್ದ. ಅಪ್ಪನಾದವನು ಇನ್ನೇನು ಮಾಡುತ್ತಾನೆ? ಮೊದಲನೇ ಮಾತೇ ಆಗಲಿ. ಮಗಳು ಗುಬ್ಬಿಯಲ್ಲಿ ಸುಖವಾಗಿರಲಿ, ತಾನು ಸೊಂಟ ಬಗ್ಗುವವರೆಗೆ ಬಾಚಿಕೊಂಡಿದ್ದರಾಯಿತು. ರಾತ್ರಿ ಮುದ್ದೆಯ ತಟ್ಟೆ ಮುಂದಿಟ್ಟುಕೊಂಡು, ಏನೂ ಅಂಟಲ್ಲ ಅಂತ ಶಾಸ್ತ್ರಿಗಳು ಹೇಳ್ತಾರಂತೆ ಎಂದ. ಪುಟ್ಟತಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವನಿಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಶಾಂತಲಾ ಮಾತ್ರ, ಹೇಳ್ತಾರಂತೆ ಅಂದ್ರೆ ಏನು, ಇನ್ನೂ ಹೇಳಿಲ್ವಾ ಎಂದಳು. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಮಾತಿನ ಅಭ್ಯಾಸ ಬೇಕು. ಶಿವರಾಮಯ್ಯನಿಗೆ ಅದಿರಲಿಲ್ಲ. ಎಲ್ಲ ಹೇಳಿದ.

ಶಾಂತಲಾ ಮುರಿದ ಮುದ್ದೆಯನ್ನು ಸಾರಿಗೆ ಅದ್ದದೆ ತಟ್ಟೆಯಲ್ಲೇ ಇಟ್ಟಳು.

"ಎರಡನೇದೇ ಹೇಳ್ಸಪ್ಪ," ಎಂದಳು.

ಪುಟ್ಟತಾಯಮ್ಮ ಸೌಟು ಕೆಳಗಿಟ್ಟಳು. ಅಪ್ಪನಿಗೆ ಹಿಡಿದಿದ್ದು ಮಗಳಿಗೂ ಹಿಡೀತಲ್ಲಾ ದೇವರೇ ಎಂದಳು. ಯಾರೋ ಬೀಳ್ತಾರೆ ಅಂತ ನೀನ್ಯಾಕೆ ಬಾವಿಗೆ ಹಾರ್ತೀಯ, ನಿಂಗೇನು ಬಂದಿದೆ ಎಂದು ಕೇಳಿದಳು.

"ನಾನು ಗುಬ್ಬಿಗೆ ಹೋಗ್ಬುಡ್ತೀನಮ್ಮ. ನಮ್ ಯೂನಿಟ್ ಹುಡುಗೀರು ಅದೇ ರಸ್ತೇಲಿ ಇರ್ತಾರೆ. ಅಪ್ಪಂಗೆ ಕೈಲಾಗದ ದಿನ ಯಾರು ಬಾಚ್ತಾರೆ?"

ಅಂಜನ್‌ಗೆ ತಾನೇ ಹೇಳುತ್ತೇನೆ, ಅವನು ಅಂಥವನಲ್ಲ, ಅರ್ಥಮಾಡಿಕೊಳ್ತಾನೆ ಎಂದೂ ಹೇಳಿದಳು. ಆಸೆ ಇತ್ತು ಅವಳಿಗೆ. ಆಸೆ ಇಲ್ಲದಿದ್ದರೆ ಅಷ್ಟು ಧೈರ್ಯ ಬರುತ್ತಿರಲಿಲ್ಲವೇನೋ. ಮಾರನೇ ದಿನ ಎಸ್‌ಟಿಡಿ ಬೂತಿನಿಂದ ಗುಬ್ಬಿಗೆ ಫೋನ್ ಮಾಡಿದಳು. ಅಂಜನ್ ಎಲ್ಲ ಕೇಳಿಸಿಕೊಂಡ. ತನಗೆ ಇಂಥದ್ದರಲ್ಲೆಲ್ಲ ಏನೂ ನಂಬಿಕೆ ಇಲ್ಲ ಎಂದ. ಅಮ್ಮನನ್ನು ಒಂದು ಮಾತು ಕೇಳಿ ಹೇಳುತ್ತೇನೆ ಎಂದ. ಆಮೇಲೆ ಅವಳು ಯಾವಾಗ ಫೋನ್ ಮಾಡಿದರೂ ಅಂಗಡಿಯಲ್ಲಿ ಬೇರೆ ಯಾರೋ ಎತ್ತಿ, ಓನರ್ ಹೊರಗೆ ಹೋಗಿದ್ದಾರೆ ಎನ್ನುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಅವನ ಮದುವೆ ಬೇರೆ ಕಡೆ ಗೊತ್ತಾಯಿತೆಂದು ರಂಗರಾಜು ಬಂದು ಹೇಳಿ, ಊಟ ಕೂಡ ಮಾಡದೆ ಕುಣಿಗಲ್ ಬಸ್ ಹತ್ತಿದ. ಶಾಂತಲಾ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೇ ದಿನ ಸೈಕಲ್ ಒರೆಸಿಕೊಂಡು ಹೊರಟಳು. ಶಿವರಾಮಯ್ಯನಿಗೆ ಮಗಳ ಮುಖ ನೋಡುವುದು ಕಷ್ಟವಾಗಿ, ಎಷ್ಟೋ ದಿನ ಅವಳಿಗಿಂತ ಮುಂಚೆಯೇ ಮನೆ ಬಿಡುತ್ತಿದ್ದ. ಪುಟ್ಟತಾಯಮ್ಮ ಮಾತನ್ನೇ ನಿಲ್ಲಿಸಿದ್ದಳು. ಆ ಮನೆಯಲ್ಲಿ ಹಾಗೆ ಆದದ್ದು ಅದೇ ಮೊದಲು.

ಶಾಸ್ತ್ರಿಗಳು ಮಾತಿಗೆ ತಪ್ಪಲಿಲ್ಲ. ಮುಂದಿನ ಆಯುಧಪೂಜೆಗೆ ಕುಂಟುತ್ತ ಬಂದು ಪ್ರತಿ ಗೇಟಿನಲ್ಲೂ ಸಂಕಲ್ಪಕ್ಕೆ ಮುಂಚೆಯೇ ಹೊಸ ವಿಧಿ ಹೇಳಿದರು. ಯಾಕೆ ಹಿಂದೆ ಹೇಳಿರಲಿಲ್ಲ ಎಂದು ಒಬ್ಬರು ಕೇಳಿದರಂತೆ. ಶಾಸ್ತ್ರಿಗಳು ಪಂಚೆ ಸರಿಸಿ ಕಾಲು ತೋರಿಸಿದರಂತೆ. ಮತ್ತೆ ಯಾರೂ ಕೇಳಲಿಲ್ಲ.

ಆ ಸಂಜೆ ಶಿವರಾಮಯ್ಯ ಅಭ್ಯಾಸಬಲದಿಂದ ಕ್ಯಾರಿಯರ್‌ಗೆ ಗೋಣಿಚೀಲ ಸಿಕ್ಕಿಸಿಕೊಂಡೇ ಗೇಟಿನಿಂದ ಹೊರಬಂದ. ರಸ್ತೆಯುದ್ದಕ್ಕೂ ಸಾಹುಕಾರರು. ಬಿಳಿ ಪ್ಯಾಂಟು, ರೇಷ್ಮೆ ಅಂಗಿ, ಚಿನ್ನದ ವಾಚು. ಎಲ್ಲರೂ ಸೊಂಟ ಬಗ್ಗಿಸಿ ಬರಿಗೈಯಲ್ಲಿ ತಿರುಳು ಬಾಚುತ್ತಿದ್ದರು. ಒಬ್ಬರು ಮೈಗೆಲ್ಲ ಬೆವರು ಸುರಿಸುತ್ತ ಡಾಂಬರಿನ ಬಿರುಕಿನಿಂದ ಬೀಜ ಕೀಳುತ್ತಿದ್ದರು. ಬೀಜ ಉಳಿದರೆ ದೃಷ್ಟಿ ಚಿಗುರುತ್ತದೆ ಎಂದು ಶಾಸ್ತ್ರಿಗಳು ತಮ್ಮ ಕಡೆಯಿಂದ ಸೇರಿಸಿದ್ದರು. ಶಿವರಾಮಯ್ಯನ ಮಾಲೀಕರಿಗೆ ಹೊಟ್ಟೆ ಅಡ್ಡ ಬಂದು ಬಗ್ಗಲು ಆಗುತ್ತಿರಲಿಲ್ಲ. ಇವನು ನೆರವಿಗೆ ಹೋದರೆ ಗಾಬರಿಯಿಂದ ಕೈ ಅಡ್ಡ ಹಿಡಿದರು. ನೀನು ಮುಟ್ಟಬೇಡಪ್ಪಾ, ನಿನ್ನ ಮೇಲಿರೋದೇ ಸಾಕು ಎಂದರು.

ಅವನು ಬದಿಗೆ ಸರಿದು ನಿಂತ. ಸೈಕಲ್ಲುಗಳು ಸಾಲಾಗಿ ಹೋದವು. ಶಾಸ್ತ್ರಿಗಳು ಇಲ್ಲದಿದ್ದರೆ ಈ ವರ್ಷವೂ ಯಾರೋ ಬೀಳ್ತಿದ್ರು ಬಿಡು ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿಕೊಂಡು ಹೋದ. ಹಿಂದಿನಿಂದ ಪ್ಯಾಕಿಂಗ್ ಯೂನಿಟ್ಟಿನ ಹುಡುಗಿಯರು ಬಂದರು. ಪಕ್ಕಪಕ್ಕದಲ್ಲೇ, ರಸ್ತೆಯೆಲ್ಲ ತಮ್ಮದೇ ಎನ್ನುವ ಹಾಗೆ, ಒಬ್ಬರ ಮಾತಿಗೆ ಒಬ್ಬರು ನಗುತ್ತ. ಒಬ್ಬಳೂ ಕೆಳಗೆ ನೋಡುತ್ತಿರಲಿಲ್ಲ. ಅವರ ನಡುವೆ ಶಾಂತಲಾ ಇದ್ದಳು. ಮದುವೆಯಾಗಿದ್ದರೆ ಇದು ಅವಳಿಗೆ ಗುಬ್ಬಿಯಲ್ಲಿ ಮೊದಲನೇ ದಸರಾ. ಶಿವರಾಮಯ್ಯನಿಗೆ ಹೆಮ್ಮೆಯೂ ಆಯಿತು, ಕರುಳೂ ಉರಿಯಿತು. ಯಾವುದು ಹೆಚ್ಚು ಎಂದು ಅವನಿಗೆ ತಿಳಿಯಲಿಲ್ಲ.

ಅಪ್ಪನನ್ನು ಕಂಡು ಅವಳು ಗೆಳತಿಯರನ್ನು ಮುಂದೆ ಕಳಿಸಿ ಸೈಕಲ್ ನಿಲ್ಲಿಸಿದಳು. ವರ್ಷದಿಂದ ಕೇಳಬೇಕೆಂದಿದ್ದುದನ್ನು ಅವನು ಆಗ ಕೇಳಿದ.

"ಬೇಜಾರಿದ್ಯೇನವ್ವ?"

ಶಾಂತಲಾ ರಸ್ತೆಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದಳು.

"ಇದೆ ಕಣಪ್ಪ," ಎಂದಳು. "ನಡಿ, ಮನೆಗೆ ಹೋಗೋಣ. ಅಮ್ಮ ಕಾಯ್ತಿರ್ತಾಳೆ."

ಇಬ್ಬರೂ ಅಕ್ಕಪಕ್ಕದಲ್ಲಿ ಸೈಕಲ್ ತುಳಿದುಕೊಂಡು ಹೊರಟರು. ಆಯುಧಪೂಜೆಯ ದಿನ ಶಿವರಾಮಯ್ಯ ಬೆಳಕಿರುವಾಗಲೇ ಮನೆ ಸೇರಿದ್ದು ಎಷ್ಟೋ ವರ್ಷಗಳಲ್ಲಿ ಅದೇ ಮೊದಲು.